ಸೋದರಮಾವನ ದುರ್ಬೀನು

ಸೇಲಂ ಗುಗೈಯ ನೇಕಾರರ ಬೀದಿಯಲ್ಲಿ ಚೆನ್ನಕೇಶವನಷ್ಟು ಕಡಿಮೆ ಸುಳ್ಳು ಹೇಳಿದವನು ಇನ್ನೊಬ್ಬನಿರಲಿಲ್ಲ. ಅವನು ಅಂಥ ಸತ್ಯವಂತನೆಂದಲ್ಲ. ಸುಳ್ಳು ಹೇಳಬೇಕಾದರೂ ಕೇಳುವವರು ಒಬ್ಬರಾದರೂ ಎದುರಿಗೆ ಬೇಕಲ್ಲ! ತಾಯಿ ತೀರಿಕೊಂಡ ಮೇಲೆ ಅವನ ಮನೆಯಲ್ಲಿ ಮಾತಾಡುತ್ತಿದ್ದುದು ಮಗ್ಗ ಒಂದೇ. ಅದು ದಿನವಿಡೀ ಒಂದೇ ಮಾತನ್ನು ಹೇಳುತ್ತಿತ್ತು, ಇವನು ಹೌದೆಂದು ತಲೆಯಾಡಿಸುತ್ತಿದ್ದ.

ಇಸವಿ ಮೂವತ್ತಮೂರೋ ಮೂವತ್ತನಾಲ್ಕೋ ಇರಬೇಕು. ಒಂದು ದಿನ ಶಿವರಾಮನ್ ಮೇಷ್ಟ್ರ ಮನೆಗೆ ಪಂಚೆ ಕೊಡಲು ಹೋದ. ಮೇಷ್ಟ್ರು ಕಾಲೇಜಿನಲ್ಲಿ ಗಣಿತ ಹೇಳಿ ನಿವೃತ್ತರಾದವರು. ಊರಿಗೆ ಊರೇ ಹೊರಬಾಗಿಲು ಹಾಕಿಕೊಂಡು ಮಲಗುವ ಹೊತ್ತಿಗೆ ಅವರು ಮಹಡಿ ಹತ್ತಿ, ಊರು ಬಿಟ್ಟುಹೋದ ಒಬ್ಬ ಇಂಗ್ಲಿಷ್ ದೊರೆಯಿಂದ ಕೊಂಡ ದೊಡ್ಡ ದುರ್ಬೀನಿನಲ್ಲಿ ನಕ್ಷತ್ರ ನೋಡುತ್ತಿದ್ದರು. ಆದರೆ ಸೇಲಂ ಬೀದಿಗಳಿಗೆ ವಿದ್ಯುದ್ದೀಪ ಬಂದಮೇಲೆ ನಕ್ಷತ್ರಗಳು ಮಂಕಾದವು. ಮೇಷ್ಟ್ರು ಮಾರಂಡಹಳ್ಳಿಯ ಆಚೆ ಒಂದು ಬೋಳುಗುಡ್ಡದ ಮೇಲೆ ಕೋಣೆ ಕಟ್ಟಿಸಿಕೊಂಡು, ತಾವು ಮರುದಿನ ಹೊರಡುವವರಿದ್ದರು. ದುರ್ಬೀನಿನ ಕಬ್ಬಿಣದ ಕಾಲುಗಳು ಆಗಲೇ ಗಾಡಿಯಲ್ಲಿ ಹೋಗಿದ್ದವು. ಒಂದೂವರೆ ಆಳುದ್ದದ ಹಿತ್ತಾಳೆಯ ಕೊಳವೆ, ಅದರ ತುದಿಗೆ ಕೂರುವ ತಟ್ಟೆಯಗಲದ ಗಾಜು, ಇವೆರಡು ಮಾತ್ರ ಉಳಿದಿದ್ದವು.

"ಲಾರಿಗೆ ಹಾಕಿದರೆ ತೊಪ್ಪೂರು ಘಾಟಿಯಲ್ಲಿ ಪುಡಿ. ರೈಲಿನವರ ಕೈಗೆ ಕೊಟ್ಟರೆ ಎತ್ತಿ ಎಸೆಯುತ್ತಾರೆ. ಜೊತೆಯಲ್ಲೇ ಕೂತು ತರುವವರು ಯಾರಪ್ಪಾ?" ಎಂದು ಮೇಷ್ಟ್ರು ಗೋಡೆಯನ್ನು ಕೇಳಿದರು.

ಬೆಳಗಿನಿಂದ ಚೆನ್ನಕೇಶವನನ್ನು ಯಾರೂ ಏನೂ ಕೇಳಿರಲಿಲ್ಲ. ಗೋಡೆಗೆ ಹೋದ ಪ್ರಶ್ನೆಯನ್ನು ಅವನು ನಡುವೆಯೇ ಹಿಡಿದುಕೊಂಡ.

"ನಾನಿಲ್ವಾ ಮೇಷ್ಟ್ರೇ! ಕೂದಲೆಳೆಯಂಥ ನೂಲನ್ನ ಒಂದೆಳೆ ತುಂಡಾಗದಂಗೆ ಮದ್ರಾಸಿಗೆ ಸಾಗಿಸಿರೋ ಕೈ ಇದು."

ಅವನ ನೂಲು ಅದುವರೆಗೆ ಸಾಗಿದ್ದ ದೂರವೆಂದರೆ ಬೀದಿಯ ತಿರುವಿನಲ್ಲಿದ್ದ ಸಾಹುಕಾರರ ಅಂಗಡಿ. ಆದರೆ ಮೇಷ್ಟ್ರು ನಂಬಿಬಿಟ್ಟರು. ನಂಬಿದ ಮುಖವನ್ನು ಅಷ್ಟು ಹತ್ತಿರದಿಂದ ನೋಡಿ ಅಭ್ಯಾಸವಿಲ್ಲದ ಚೆನ್ನಕೇಶವ ಹಿಂದೆಗೆಯಲಾರದೆ ಹೋದ.

"ಎರಡು ಮಾತು ನೆನಪಿಡು," ಎಂದರು ಮೇಷ್ಟ್ರು. "ಕೊಳವೆ ಪೆಟ್ಟಿಗೆಯಲ್ಲಿರಲಿ, ಗಾಜು ಮಾತ್ರ ನಿನ್ನ ಮಡಿಲಲ್ಲೇ ಇರಲಿ. ದಾರಿಯಲ್ಲಿ ಪೆಟ್ಟಿಗೆ ಬಿಚ್ಚಬೇಡ."

ಕೊಳವೆಯನ್ನು ಕಟ್ಟುವ ದಿನ ಬೀದಿಯೆಲ್ಲ ಅವನ ಜಗಲಿಯಲ್ಲಿತ್ತು. ಅಷ್ಟು ಜನ ಅವನ ತಾಯಿ ಸತ್ತ ದಿನವೂ ಬಂದಿರಲಿಲ್ಲ. ಒಬ್ಬರು ಹುಲ್ಲು ಹಾಕೆಂದರು, ಒಬ್ಬರು ಹೊಟ್ಟು ಹಾಕೆಂದರು. ಬರಿಯ ಹಿತ್ತಾಳೆಯ ಮೇಲೆ ಹುಲ್ಲು ತಾಕಿದರೆ ಗೀರು ಬೀಳುತ್ತದೆಂದು ಚೆನ್ನಕೇಶವ ಮೆತ್ತನೆಯ ಬಟ್ಟೆ ಹುಡುಕುತ್ತ ಒಳಗೆ ಹೋದ. ಮನೆಯಲ್ಲಿದ್ದ ಅತಿ ಮೆತ್ತನೆಯ ಬಟ್ಟೆ ಪೆಟಾರಿಯ ತಳದಲ್ಲಿತ್ತು. ತನ್ನ ಮದುವೆಗೆಂದು ತಾನೇ ನೆಯ್ದ ಮಾವಿನಹಣ್ಣಿನ ಬಣ್ಣದ ರೇಷ್ಮೆ ಸೀರೆ. ಹೆಣ್ಣಿನವರಿಗೆ ಈರೋಡಿನ ಕಡೆ ಇನ್ನೂ ಒಳ್ಳೆಯ ಗಂಡು ಸಿಕ್ಕಿದ ಮೇಲೆ ಸೀರೆ ಅಲ್ಲೇ ಉಳಿದುಕೊಂಡಿತ್ತು.

ಅದನ್ನು ಕೊಳವೆಗೆ ಸುತ್ತುವಾಗ ಪಕ್ಕದ ಮನೆಯ ತಂಗಮ್ಮ ನೋಡಿದಳು. ತಂಗಮ್ಮ ಮಾತು ನುಂಗುವ ಹೆಂಗಸಲ್ಲ, ಆದರೆ ಅದೊಂದು ಮಾತನ್ನು ನುಂಗಿದಳು. ಸುಮ್ಮನೆ ಮನೆಗೆ ಹೋಗಿ ತನ್ನ ತಲೆದಿಂಬನ್ನು ಸೀಳಿ ಹತ್ತಿ ತಂದು ಸುರಿದಳು. ಪೆಟ್ಟಿಗೆಗೆ ಮೊಳೆ ಬಿದ್ದ ಮೇಲೆ, ಹೊಸ ಮರದ ಸಾಮಾನು ಹಾಗೆ ಬೋಳಾಗಿ ಹೊಸಿಲು ದಾಟಬಾರದೆಂದು ನಾಲ್ಕು ಮೂಲೆಗೂ ಅರಿಶಿನ ಬಳಿದು, ಕುಂಕುಮವಿಟ್ಟು, ಮಾವಿನ ಸೊಪ್ಪು ಸಿಕ್ಕಿಸಿದಳು.

"ಓಗಿ ಬಾರಪ್ಪ. ನೀನಿಲ್ದಿದ್ರೆ ನಿನ್ ಮಗ್ಗದ ಸದ್ದಿಲ್ದೆ ನಂಗೆ ನಿದ್ದೆ ಬರಾಕಿಲ್ಲ," ಎಂದಳು. ಇಷ್ಟು ವರ್ಷ ಅದೇ ಸದ್ದಿನಿಂದ ನಿದ್ದೆ ಬರುವುದಿಲ್ಲವೆಂದು ಬೈದವಳೂ ಅವಳೇ.

ಸ್ಟೇಷನ್ನಿನ ಪಾರ್ಸೆಲ್ ಗುಮಾಸ್ತ ಅರುಣಾಚಲಂ ಪೆಟ್ಟಿಗೆಯ ಸುತ್ತ ಪ್ರದಕ್ಷಿಣೆ ಬಂದ.

"ಎನ್ನಯ್ಯಾ ಇದು?"

"ದುರ್ಬೀನು ಸಾಮಿ. ನಕ್ಷತ್ರ ನೋಡಾಕೆ."

"ಯಾವ ಜಾತಿ ಸಾಮಾನು ಅಂತ ಬರೀಲಿ? ವಾದ್ಯವಾ? ಯಂತ್ರವಾ? ಊದಿದರೆ ಸದ್ದು ಬರುತ್ತಾ?"

"ಊದಿ ನೋಡಿಲ್ಲ ಸಾಮಿ."

"ಊದಿ ನೋಡದೆ ತಂದುಬಿಟ್ಟೆಯಾ!" ಎಂದು ಅರುಣಾಚಲಂ ಬೇಸರಪಟ್ಟುಕೊಂಡು, ಅರಿಶಿನ ಕುಂಕುಮ ನೋಡಿ, 'ಮನೆ ಬಳಕೆಯ ಹಿತ್ತಾಳೆ' ಎಂದು ಬರೆದ. ಆದರೂ ಕೂಲಿಗಳು ಎತ್ತುವಾಗ ತಾನೇ ಎದ್ದು ಬಂದು, "ಮೆದುವಾ, ಮೆದುವಾ" ಎನ್ನುತ್ತ ಒಂದು ಮೂಲೆಗೆ ಕೈ ಕೊಟ್ಟ.

ಮೊರಪ್ಪೂರಿನಲ್ಲಿ ದೊಡ್ಡ ರೈಲಿಳಿದು ಹೊಸೂರು ಕಡೆಯ ಸಣ್ಣ ರೈಲು ಹತ್ತಬೇಕು. ಸಣ್ಣ ರೈಲು ನಿಜವಾಗಿಯೂ ಸಣ್ಣದು. ಪೆಟ್ಟಿಗೆಯನ್ನು ಉದ್ದಕ್ಕಿಟ್ಟರೂ ಅಡ್ಡಕ್ಕಿಟ್ಟರೂ ಗಾರ್ಡಿನ ಡಬ್ಬಿಯ ಬಾಗಿಲು ಮುಚ್ಚಲೊಲ್ಲದು. ಗಾರ್ಡು, ಚಾಲಕ, ನೀರು ತುಂಬುವವನು, ವೀಳ್ಯದೆಲೆ ಮಾರುವವಳು ಎಲ್ಲರೂ ಸೇರಿ ಉಪಾಯ ಹೇಳುವಷ್ಟರಲ್ಲಿ ರೈಲು ಕಾಲು ಗಂಟೆ ತಡವಾಗಿ, ಕೊನೆಗೆ ಪೆಟ್ಟಿಗೆಯನ್ನೂ ಚೆನ್ನಕೇಶವನನ್ನೂ ಬಿಟ್ಟು ಹೊರಟುಹೋಯಿತು. ಅವನು ಗಾಜಿನ ಗಂಟನ್ನು ಮಡಿಲಲ್ಲಿಟ್ಟುಕೊಂಡು ಪ್ಲಾಟ್‌ಫಾರ್ಮಿನಲ್ಲೇ ರಾತ್ರಿ ಕಳೆದ. ಬೆಳಿಗ್ಗೆ ಗಾರ್ಡು ಡಬ್ಬಿಯೊಳಗಿನ ತನ್ನ ಬೆಂಚನ್ನೇ ಕಿತ್ತು ಹೊರಗಿಟ್ಟು ಪೆಟ್ಟಿಗೆಗೆ ಜಾಗ ಮಾಡಿ, ಮಾರಂಡಹಳ್ಳಿಯವರೆಗೂ ನಿಂತೇ ಬಂದ.

ಹೀಗೆ ದುರ್ಬೀನು ಒಂದು ದಿನ ತಡವಾಯಿತು. ಮೇಷ್ಟ್ರು ಕಳಿಸಿದ್ದ ಗಾಡಿ ಹಿಂದಿನ ದಿನವೇ ಬಂದು, ಕಾದು, ಬರಿದಾಗಿ ಹಿಂದಿರುಗಿತ್ತು.

ಮಾರಂಡಹಳ್ಳಿಯಲ್ಲಿ ಗಾಡಿಯ ಬದಲು ತಮಟೆ ಕಾದಿತ್ತು. ಹೊಸ ರುಮಾಲು ಸುತ್ತಿದ ಗಂಡಸರು, ಹೂ ಮುಡಿದ ಹೆಂಗಸರು, ಎಲ್ಲರೂ ರೈಲಿನ ಬಾಗಿಲುಗಳನ್ನೇ ನೋಡುತ್ತಿದ್ದರು. ಇಳಿದವನು ಚೆನ್ನಕೇಶವ ಒಬ್ಬನೇ. ಅವನ ಹಿಂದೆ, ಅರಿಶಿನ ಬಳಿದ, ಮಾವಿನ ಸೊಪ್ಪು ಸಿಕ್ಕಿಸಿದ, ಮಂಚದಷ್ಟು ಉದ್ದದ ಪೆಟ್ಟಿಗೆ ಇಳಿಯಿತು.

ಗುಂಪಿನ ಮುಂದೆ ನಿಂತಿದ್ದ ನಡುವಯಸ್ಸಿನ ಹೆಂಗಸು ಅವನ ಮುಖವನ್ನು ಒಂದು ಗಳಿಗೆ ನೋಡಿದಳು. ಪೆಟ್ಟಿಗೆಯನ್ನು ನೋಡಿದಳು. ಮರುಕ್ಷಣ, "ಅಣ್ಣಾ! ಬಂದ್ಯಾ ನಮ್ಮಣ್ಣಾ!" ಎಂದು ಓಡಿಬಂದು ಅವನ ತೋಳು ಹಿಡಿದು ಗೊಳೋ ಎಂದು ಅತ್ತಳು.

ತಮಟೆ ಶುರುವಾಯಿತು.

"ಅಮ್ಮಾ, ನಾನು..." ಎಂದ ಚೆನ್ನಕೇಶವ.

"ಮಾತಾಡ್ಬ್ಯಾಡ! ಇಷ್ಟು ವರ್ಸ ಮಾತಾಡ್ದೆ ಇದ್ದೋನು ಈಗ್ಯಾಕೆ ಮಾತಾಡ್ತೀಯ!"

"ನೋಡ್ರಲಾ, ಗೋವಿಂದಪ್ಪ ಬಂದೇಬಿಟ್ಟ!" ಎಂದರು ಊರಿನವರು. ರುಮಾಲಿನವರ ಪೈಕಿ ಅತಿ ದೊಡ್ಡ ರುಮಾಲಿನ ಯಜಮಾನ ಮುಂದೆ ಬಂದ. ಅವನು ಕಂಬೈನಲ್ಲೂರಿನ ಮುನಿವೆಂಕಟಪ್ಪ, ಗಂಡಿನ ತಂದೆ. ಕುರಿ ಎಣಿಸುವವನಂತೆ ಚೆನ್ನಕೇಶವನನ್ನು ಅಡಿಯಿಂದ ಮುಡಿಯವರೆಗೆ ನೋಡಿದ.

"ಸೋದರ್ಮಾವ ಬರಾಕಿಲ್ಲ, ಸೀರು ಉಡುಗೊರೆ ತರಾಕಿಲ್ಲ ಅಂತ ನಾವು ಗಂಡನ್ನ ಗಾಡಿ ಅತ್ತಿಸೋದ್ರಾಗಿದ್ವಿ. ಪೆಟ್ಟಿಗೆ ನೋಡಿದ್ರೆ ನಮ್ಮ ಗಾಡೀನೇ ಸಾಲ್ದು! ಬನ್ನಿ ಬೀಗರೇ."

ಚೆನ್ನಕೇಶವ ಸತ್ಯ ಹೇಳಲು ಬಾಯಿ ತೆರೆದ. ಆದರೆ ಅಷ್ಟರಲ್ಲಿ ಎಲ್ಲ ಕಡೆಯಿಂದ ಕೈಗಳು ಬಂದು ಪೆಟ್ಟಿಗೆಯನ್ನು ಹೂವೆತ್ತಿದಂತೆ ಎತ್ತಿಬಿಟ್ಟವು. ಸೇಲಮಿನಿಂದ ಇಲ್ಲಿಯವರೆಗೆ ಅಷ್ಟು ಮೆತ್ತಗೆ ಅದನ್ನು ಯಾರೂ ಎತ್ತಿರಲಿಲ್ಲ. ಸತ್ಯ ಹೇಳಿದರೆ ಅದೇ ಕೈಗಳು ಅದನ್ನು ಕೆಳಗೆ ಬಿಡುತ್ತವೆ. ದುರ್ಬೀನಿನ ಕ್ಷೇಮಕ್ಕಾಗಿಯೇ ತಾನು ಸುಮ್ಮನಿದ್ದೇನೆ ಎಂದುಕೊಂಡು ಅವನು ಹಿಂದೆ ನಡೆದ. ತೋಳು ಹಿಡಿದ ಕೈಯನ್ನು ಆ ಹೆಂಗಸು ಬಿಟ್ಟಿರಲಿಲ್ಲ; ಅದೂ ಒಂದು ಕಾರಣವಾಗಿರಬಹುದು. ಹೆಸರಿನ ವಿಷಯಕ್ಕೆ ಬಂದರೆ, ಗೋವಿಂದನೂ ಕೇಶವನೂ ಒಬ್ಬನೇ ದೇವರು ಎಂದು ಸಮಾಧಾನ ತಂದುಕೊಂಡ.

ದಾರಿಯುದ್ದಕ್ಕೂ ಪೆಟ್ಟಿಗೆ ಬೆಳೆಯುತ್ತ ಹೋಯಿತು. ಸ್ಟೇಷನ್ ದಾಟುವಾಗ ಅದರೊಳಗೆ ಹಿತ್ತಾಳೆ ಹಂಡೆ ಇತ್ತು. ಸಂತೆ ಮಾಳದ ಹತ್ತಿರ ಗ್ರಾಮಫೋನು ಸೇರಿತು. ಊರ ಬಾಗಿಲಿಗೆ ಬರುವಾಗ ತೇಗದ ಮಂಚ.

"ಮಡಿಲಾಗೆ ಗಂಟು ಬ್ಯಾರೆ ಐತೆ. ಕೆಳಗೆ ಇಡವಲ್ಲ!"

"ಒಡವೆ ಕಣೇ. ಸೇಲಂ ಅಂದ್ರೆ ಸುಮ್ನೇನಾ?"

"ಮಾತು ಒಂಥರಾ ಆಗೈತಲ್ಲ ಗೋವಿಂದಪ್ಪಂದು?"

"ಅಷ್ಟು ವರ್ಸ ಪರಸ್ಥಳದಾಗಿದ್ರೆ ಇನ್ನೆಂಗಾಯ್ತದೆ?"

ಚಪ್ಪರದಲ್ಲಿ ಅವನನ್ನು ಕಂಬಳಿಯ ಮೇಲೆ ಕೂರಿಸಿದರು. ಮುದ್ದೆ ತಂದಿಟ್ಟರು. ಇವರು ಕುರಿ ಸಾಕುವವರು, ತಾನು ನೇಯುವವನು, ಕುಲ ಬೇರೆ ಎಂಬ ನೆನಪು ಚೆನ್ನಕೇಶವನಿಗೆ ಬಂತು. ಆದರೆ ಮುದ್ದೆ ಬಿಸಿಯಾಗಿತ್ತು, ಪಕ್ಕದಲ್ಲಿ ಕೂತ ಸಪ್ಪಲಮ್ಮನೆಂಬ ಮುದುಕಿ ಬೀಸಣಿಗೆ ಬೀಸುತ್ತಿದ್ದಳು, ಊಟ ಮಾಡುವಾಗ ಯಾರಾದರೂ ಗಾಳಿ ಹಾಕಿ ಎಷ್ಟು ಕಾಲವಾಗಿತ್ತೋ. ನೆನಪು ಬಂದಷ್ಟೇ ಬೇಗ ಹೋಯಿತು.

ಉಂಡ ಮೇಲೆ ಮಾತ್ರ ಭಯವಾಯಿತು. ಮುಹೂರ್ತ ನಡುಹಗಲಿಗೆ. ಅದಕ್ಕೆ ಮೊದಲು ಸೋದರಮಾವ ಎಲ್ಲರ ಎದುರು ಪೆಟ್ಟಿಗೆ ಬಿಚ್ಚಿ, ತಾನು ತಂದ ಸೀರೆಯನ್ನು ಹೆಣ್ಣಿಗೆ ಕೊಡಬೇಕು. ಅದನ್ನುಟ್ಟುಕೊಂಡೇ ಅವಳು ಹಸೆಗೆ ಬರಬೇಕು. ಅವನು ಗಾಜಿನ ಗಂಟನ್ನು ಅವಚಿಕೊಂಡು ಹಿತ್ತಲಿಗೆ ಹೋದ. ಅಲ್ಲಿ ಆ ಹೆಂಗಸು, ಹೆಣ್ಣಿನ ತಾಯಿ ಅಂಕಮ್ಮ, ಒಬ್ಬಳೇ ಒರಳಿನ ಮುಂದೆ ಕೂತು ಖಾರ ರುಬ್ಬುತ್ತಿದ್ದಳು. ಗಂಡ ಸತ್ತವಳು, ಮಗಳ ಮದುವೆಯಲ್ಲೂ ಚಪ್ಪರದೊಳಗೆ ಬರುವಂತಿರಲಿಲ್ಲ.

"ಅಮ್ಮಾ, ತಪ್ಪಾಗೋಯ್ತು. ನಾನು ನಿಮ್ಮಣ್ಣ ಅಲ್ಲ."

ಅಂಕಮ್ಮ ತಲೆಯೆತ್ತಲಿಲ್ಲ. "ಗೊತ್ತು."

"ಗೊತ್ತಾ!"

"ನಮ್ಮಣ್ಣಂಗೆ ಎಡಗೈ ಕಿರುಬೆರಳಿಲ್ಲ. ನಿಂಗೆ ಎಲ್ಲ ಬೆರಳೂ ಅವೆ." ಖಾರ ಒಂದು ಸುತ್ತು ತಿರುಗಿತು. "ಅವ್ನು ಮೀಸೆ ಬರೋ ಮುಂಚೇನೇ ಸಿಲೋನಿನ ಕಂಡಿ ಟೀ ತೋಟಕ್ಕೆ ಓದೋನು ಬರಲೇ ಇಲ್ಲ, ಊರಿನೋರ್ಗೆ ಮುಖಾನೇ ಮರ್ತೋಗೈತೆ. ಸತ್ನೋ ಇದಾನೋ. ಬೀಗರು ಕೇಳ್ದಾಗ ಈಗ ಸೇಲಮಿನಾಗವ್ನೆ, ಬತ್ತಾನೆ ಅಂತ ಅಂದ್ಬಿಟ್ಟೆ. ಸೋದರ್ಮಾವನ ಸೀರೆ ಇಲ್ದಿದ್ರೆ ದಿಕ್ಕಿಲ್ದೋರ ಮನೆ ಹೆಣ್ಣು, ನಮಗೆ ಬ್ಯಾಡ ಅಂತಾರೆ. ಮೊನ್ನೆಯಿಂದ ಬಂದ ರೈಲಿಗೆಲ್ಲ ಓಗಿ ನಿಂತಿವ್ನಿ. ಇವತ್ತು ಬೀಗರೂ ಜೊತೆಗೆ ಬಂದ್ರು. ನೀನಿಳಿದೆ, ಕುಂಕುಮದ ಪೆಟ್ಟಿಗೆ ಬ್ಯಾರೆ. ದೇವರು ಕಳಿಸ್ದ ಅಂತ ಹಿಡ್ಕಂಡ್ಬಿಟ್ಟೆ." ಈಗ ತಲೆಯೆತ್ತಿದಳು. "ಅದರಾಗೆ ಏನೈತೆ?"

"ನಕ್ಷತ್ರ ನೋಡೋ ಕೊಳವೆ."

ಅಂಕಮ್ಮ ಖಾರದ ಕೈಯಲ್ಲೇ ಬಾಯಿ ಮುಚ್ಚಿಕೊಂಡಳು. ಆಮೇಲೆ ಆ ಕೈಯನ್ನೇ ಚಾಚಿ, "ಓಗಪ್ಪಾ. ನಿಂಗೆ ಓಗೋ ದಾರಿ ಈ ಕಡೆ ಐತೆ, ಹಿತ್ತಲ ಬಾಗ್ಲು. ನಾ ಏನಾರಾ ಏಳ್ಕಂತೀನಿ," ಎಂದಳು. ಕಣ್ಣಲ್ಲಿ ನೀರು ಬರುತ್ತಿತ್ತು. ಅದು ಖಾರದ್ದೋ ಏನೋ.

ಚೆನ್ನಕೇಶವ ಹಿತ್ತಲ ಬಾಗಿಲಿನವರೆಗೆ ಹೋದ. ಹೊರಗೆ ರಸ್ತೆ ಬರಿದಾಗಿತ್ತು. ಅವನು ಅಂಥ ರಸ್ತೆಗಳನ್ನು ಬೇಕಾದಷ್ಟು ನೋಡಿದ್ದ. ಹಿಂದಿರುಗಿ ಚಪ್ಪರಕ್ಕೆ ಬಂದು, "ಸುತ್ತಿಗೆ ಕೊಡ್ರಪ್ಪಾ," ಎಂದ.

ಮೊಳೆಗಳು ಎದ್ದವು. ಮೊದಲು ಹುಲ್ಲು ಬಂತು, ಆಮೇಲೆ ತಂಗಮ್ಮನ ಹತ್ತಿ ಬಂತು. ಚಪ್ಪರವೆಲ್ಲ ಮುಂದಕ್ಕೆ ಬಗ್ಗಿತು. ಆಮೇಲೆ ಮಾವಿನಹಣ್ಣಿನ ಬಣ್ಣದ ರೇಷ್ಮೆ ಸುತ್ತು ಸುತ್ತಾಗಿ ಬಿಚ್ಚಿಕೊಳ್ಳುತ್ತ ಬಂತು. ಅದರ ಜರಿಯ ಸೆರಗು ಹಾಸಿದಾಗ ಹೆಂಗಸರು ಒಟ್ಟಿಗೆ "ಅಯ್ಯೋ ನಮ್ಮಪ್ಪಾ!" ಎಂದರು. ಅಷ್ಟು ವರ್ಷ ಪೆಟಾರಿಯಲ್ಲಿದ್ದ ಸೀರೆಗೆ ಅದೇ ಮೊದಲ ಹೊಗಳಿಕೆ.

"ನೀವೇ ಕೊಂಡಿದ್ದಾ ಬೀಗರೇ?" ಮುನಿವೆಂಕಟಪ್ಪ ಕೇಳಿದ.

"ನಾನೇ ನೆಯ್ದಿದ್ದು," ಎಂದ ಚೆನ್ನಕೇಶವ. ಆ ಚಪ್ಪರದಲ್ಲಿ ಅವನು ಹೇಳಿದ ಒಂದೇ ಒಂದು ನಿಜ ಅದು. ಹೆಣ್ಣು ಬಂದು ಸೀರೆ ತೆಗೆದುಕೊಂಡು ಅವನ ಕಾಲಿಗೆ ಬಿದ್ದಳು. ಏನೆಂದು ಹರಸಬೇಕೆಂದು ತಿಳಿಯದೆ, "ನೆನೆಸಬ್ಯಾಡಮ್ಮ, ನೆರಳಲ್ಲಿ ಒಣಗಿಸು," ಎಂದ.

ಆದರೆ ಸೀರೆ ಹೋದ ಮೇಲೆ ಹಿತ್ತಾಳೆಯ ಕೊಳವೆ ಬಟಾಬಯಲಾಗಿ ಥಳಥಳನೆ ಹೊಳೆಯುತ್ತ ಮಲಗಿತ್ತು.

"ಇದೇನು?" ಎಂದ ಮುನಿವೆಂಕಟಪ್ಪ.

ಹಂಡೆಗೆ ಬುಡವಿರುತ್ತದೆ, ಇದಕ್ಕೆ ಬುಡವಿಲ್ಲ. ಕಹಳೆಗೆ ಬಾಯಿ ಅಗಲ, ಇದಕ್ಕಿಲ್ಲ. ಚೆನ್ನಕೇಶವ ಸುತ್ತ ನೋಡಿದ.

"ಅರುಂಧತಿ ತೋರ್ಸೋ ಕೊಳವೆ," ಎಂದ. "ತಾಳಿ ಕಟ್ಟಿದ ಮೇಲೆ ಹೆಣ್ಣುಗಂಡಿಗೆ ತೋರಿಸ್ತಾರಲ್ಲ, ನಕ್ಷತ್ರ. ನಮ್ಮ ಸೇಲಮಿನಾಗೆ ಇದರಲ್ಲೇ ನೋಡೋದು. ಮದುವೆ ಆದ್ಮೇಲೆ ಕೊಳವೆ ವಾಪಸು ಓಗ್ಬೇಕು. ಸೇಲಂ ಪದ್ಧತಿ."

ಚಪ್ಪರದಲ್ಲಿ ಯಾರೂ ಸೇಲಂ ಪದ್ಧತಿಯನ್ನು ಕೇಳಿರಲಿಲ್ಲ. ಆದರೆ ಕಂಬೈನಲ್ಲೂರಿನವರ ಎದುರು ಮಾರಂಡಹಳ್ಳಿಯವರು ಹಾಗೆನ್ನುವಂತಿರಲಿಲ್ಲ, ಮಾರಂಡಹಳ್ಳಿಯವರ ಎದುರು ಕಂಬೈನಲ್ಲೂರಿನವರೂ ಹಾಗೆನ್ನುವಂತಿರಲಿಲ್ಲ.

"ಗೊತ್ತು ಗೊತ್ತು," ಎಂದ ಮುನಿವೆಂಕಟಪ್ಪ. "ದೊಡ್ ಮನೆಗಳಾಗೆ ಮಾತ್ರ ಇರ್ತದೆ."

ತಾಳಿಯಾಯಿತು. ಪುರೋಹಿತರು ತಮ್ಮ ವಂಶದಲ್ಲಿ ಯಾವ ಕಾಲದಿಂದಲೂ ಬರಿಯ ಬೆರಳಿನಿಂದ ಹಗಲಲ್ಲಿ ಅರುಂಧತಿ ತೋರಿಸಿ ಬಂದವರು. ಎಲ್ಲ ಗಂಡುಗಳೂ ಕಂಡಿತೆಂದಿದ್ದರು, ತಕರಾರಿರಲಿಲ್ಲ. ಈಗ ಕೊಳವೆಯನ್ನು ಕೆಲವರ ಹೆಗಲ ಮೇಲೆ ಏರಿಸಿ ಬಡಗಣ ಆಕಾಶಕ್ಕೆ ತಿರುಗಿಸಿದರು. ಗಾಜು ಚೆನ್ನಕೇಶವನ ಮಡಿಲಲ್ಲಿ ಬೆಚ್ಚಗಿತ್ತು. ಕೊಳವೆಯಲ್ಲಿ ಈ ತುದಿಯಿಂದ ಆ ತುದಿಯವರೆಗೆ ಗಾಳಿಯಲ್ಲದೆ ಏನೂ ಇರಲಿಲ್ಲ.

ಗಂಡು ಬಗ್ಗಿ ಕಣ್ಣಿಟ್ಟ.

"ಕಂಡ್ತೇನಪ್ಪಾ?"

ಗಂಡು ಇನ್ನೊಂದು ಕಣ್ಣನ್ನೂ ಇಟ್ಟು ನೋಡಿದ. "ಕಂಡ್ತು."

ಹೆಣ್ಣೂ ನೋಡಿದಳು. ಗಂಡನಿಗೆ ಕಂಡದ್ದು ತನಗೆ ಕಾಣದಿರುವುದೇ? ಕಂಡಿತು.

ಮುನಿವೆಂಕಟಪ್ಪ ರುಮಾಲು ಸರಿಸಿ ಬಹಳ ಹೊತ್ತು ನೋಡಿದ. ಕಾಣದಿದ್ದರೆ ಬೀಗರ ಎದುರು ಮಾನ ಹೋಗುತ್ತದೆ; ಮಗನಿಗೆ ಕಂಡಷ್ಟೇ ಕಂಡರೂ ಯಜಮಾನಿಕೆಗೆ ಸಾಲದು. "ಅರುಂಧತಿ ಮಾತ್ರ ಅಲ್ಲ ಕಣ್ರಲಾ," ಎಂದ, "ಪಕ್ಕದಾಗೆ ವಸಿಷ್ಠರೂ ಕುಂತವ್ರೆ!"

ಅಲ್ಲಿಂದ ಮುಂದೆ ತಡೆಯುವವರಿಲ್ಲ. ಊರಿಗೆ ಊರೇ ಸಾಲು ನಿಂತಿತು. ಒಬ್ಬನಿಗೆ ವಸಿಷ್ಠರ ಗಡ್ಡ ಕಂಡಿತು, ಇನ್ನೊಬ್ಬನಿಗೆ ಕಮಂಡಲ. ಕಣ್ಣಿಗೆ ಪೊರೆ ಬಂದಿದ್ದ ಸಪ್ಪಲಮ್ಮನನ್ನು ಕೈಹಿಡಿದು ತಂದರು. ಮುದುಕಿ ಕಣ್ಣಿಟ್ಟಳು.

"ಏನ್ ಕಾಣ್ತೈತಜ್ಜೀ?"

"ನಮ್ ಯಜಮಾನ್ರು," ಎಂದಳು ಸಪ್ಪಲಮ್ಮ. "ಅದೇ ಕಂಬಳಿ ಒದ್ಕಂಡವ್ರೆ."

ಯಾರೂ ನಗಲಿಲ್ಲ. ಅವಳಾಗಿ ಏಳುವವರೆಗೂ ಸಾಲಿನವರು ಕಾದರು.

ಕೊನೆಗೆ ಸೋದರಮಾವನೂ ನೋಡಬೇಕೆಂದರು. ಚೆನ್ನಕೇಶವ ಬಗ್ಗಿದ. ಆ ತುದಿಯಲ್ಲಿ ಕಾಸಿನಗಲದ ನೀಲಿ ಆಕಾಶ ಇತ್ತು, ಅದರಲ್ಲಿ ಒಂದು ಹಕ್ಕಿಯೂ ಇರಲಿಲ್ಲ.

"ಕಂಡ್ತಾ ಬೀಗರೇ?"

"ಕಂಡ್ತು," ಎಂದ.

ಸಂಜೆ ಬೀಗರು ಹೆಣ್ಣನ್ನು ಕರೆದುಕೊಂಡು ಕಂಬೈನಲ್ಲೂರಿಗೆ ಹೊರಟರು. ಹೊರಡುವ ಮುಂಚೆ ಮುನಿವೆಂಕಟಪ್ಪ, ಬರಿಮೈಯಲ್ಲಿ ಬಿದ್ದಿದ್ದ ಕೊಳವೆಯನ್ನು ನೋಡಿ, "ದಾರ್ಯಾಗೆ ತರಚ್ಕಂತದೆ," ಎಂದು ತನ್ನ ಹೆಗಲ ಮೇಲಿನ ಹೊಸ ಕಂಬಳಿಯನ್ನು ತೆಗೆದು ಅದಕ್ಕೆ ಹೊದಿಸಿದ. ಊರಿನವರು ಪೆಟ್ಟಿಗೆಗೆ ಮತ್ತೆ ಮೊಳೆ ಹೊಡೆದು ಅಂಕಮ್ಮನ ಗಾಡಿಗೆ ಏರಿಸಿಕೊಟ್ಟರು.

ಶಿವರಾಮನ್ ಮೇಷ್ಟ್ರು ಗುಡ್ಡದ ಬುಡದಲ್ಲೇ ಕಾದಿದ್ದರು. ಗಾಜನ್ನು ಸಂಜೆಯ ಬೆಳಕಿಗೆ ಹಿಡಿದು ನೋಡಿದರು; ಒಂದು ಗೀರಿಲ್ಲ. ಕೊಳವೆಯನ್ನು ನೋಡಿದರು. ತಗ್ಗಿಲ್ಲ, ಆದರೆ ಮೇಲೆಲ್ಲ ಕುಂಕುಮ.

"ಬಿಚ್ಚಿದೆಯಾ?"

ಚೆನ್ನಕೇಶವ ನೆಲ ನೋಡುತ್ತ ಎಲ್ಲವನ್ನೂ ಹೇಳಿದ. ಮೇಷ್ಟ್ರು ಸಿಟ್ಟಾಗುತ್ತಾರೆಂದು ಕಾದ. ಅವರು ಕೊಳವೆಯನ್ನು ಸವರುತ್ತ ನಿಂತರು.

"ಎಷ್ಟು ಜನ ನೋಡಿದರು?"

"ಊರೆಲ್ಲ."

"ಗಾಜಿಲ್ಲದೆ!"

"ಎಲ್ಲರಿಗೂ ಕಂಡ್ತು ಮೇಷ್ಟ್ರೇ."

ಮೇಷ್ಟ್ರು ಗುಡ್ಡದ ತುದಿಯಲ್ಲಿದ್ದ ತಮ್ಮ ಒಂಟಿ ಕೋಣೆಯ ಕಡೆ ನೋಡಿದರು. "ಇಷ್ಟು ವರ್ಷ ಗಾಜು ಹಾಕಿಕೊಂಡು ಕರೆದೆ. ಸೇಲಮಿನಲ್ಲಿ ಒಬ್ಬರೂ ಮೆಟ್ಟಿಲು ಹತ್ತಿ ಬರಲಿಲ್ಲ," ಎಂದರು. ಆಮೇಲೆ, "ಕೈಕಾಲು ತೊಳೆದುಕೋ. ಅನ್ನ ಇಟ್ಟಿದ್ದೇನೆ," ಎಂದರು.

ಮರುದಿನ ಬೆಳಗಿನ ರೈಲಿಗೆ ಚೆನ್ನಕೇಶವ ಒಬ್ಬನೇ ಸ್ಟೇಷನ್ನಿಗೆ ಬಂದ. ಕೈಯಲ್ಲಿ ಪೆಟ್ಟಿಗೆಯಿಲ್ಲ, ಮಡಿಲಲ್ಲಿ ಗಂಟಿಲ್ಲ. ಕೈಗಳನ್ನು ಎಲ್ಲಿಡಬೇಕೆಂದು ತೋಚಲಿಲ್ಲ. ಪ್ಲಾಟ್‌ಫಾರ್ಮಿನಲ್ಲಿ ತಮಟೆಯಿರಲಿಲ್ಲ, ರುಮಾಲುಗಳಿರಲಿಲ್ಲ. ಅವನು ರೈಲು ಹತ್ತಿ ಕಿಟಕಿಯ ಪಕ್ಕ ಕೂತ.

ಆಗ ಅಂಕಮ್ಮ ತಲೆಯ ಮೇಲೆ ಒಂದು ಮೂಟೆ ಹೊತ್ತುಕೊಂಡು ಏದುಸಿರು ಬಿಡುತ್ತ ಬಂದಳು. ರಾಗಿಹಿಟ್ಟು, ಹುರುಳಿ, ಒಂದು ಕುಂಬಳಕಾಯಿ, ಎಲ್ಲವನ್ನೂ ಕಿಟಕಿಯಿಂದ ಒಳಗೆ ತುರುಕಿದಳು. ಚೆನ್ನಕೇಶವ ಕಿಟಕಿಯಿಂದ ತಲೆ ಹಾಕಿ ಮೆಲ್ಲಗೆ, "ಬೀಗರೆಲ್ಲ ನಿನ್ನೇನೇ ಓದ್ರಲ್ಲಮ್ಮಾ. ಇನ್ನು ಯಾರೂ ನೋಡೋರಿಲ್ಲ. ಯಾಕೆ ಕಷ್ಟಪಟ್ಟೆ?" ಎಂದ.

ಅಂಕಮ್ಮ ಸೊಂಟದ ಮೇಲೆ ಕೈಯಿಟ್ಟಳು.

"ಬಂದಿದ್ದು ಒಂದಿನ! ಅದರಾಗೂ ಗುಡ್ಡದ ಮೇಲೆ ಓಗಿ ಮಲೀಕಂಡೆ! ಒಡಹುಟ್ಟಿದೋಳ ಮನೆಯಾಗೆ ಒಂದು ರಾತ್ರಿ ಇದ್ದು ಓದ್ರೆ ನಿನ್ ಮಗ್ಗ ಓಡೋಗ್ತಿತ್ತಾ? ಮಗಳು ತಿರುಗಿ ಮನೆಗೆ ಬರೋವಾಗ ಬರ್ಬೇಕು ಅಂತ ಗ್ಯಾನ ಐತಾ ನಿಂಗೆ? ಎಂಥ ಅಣ್ಣನ್ನ ಕಟ್ಕಂಡೆ ನಾನು!"

ರೈಲು ಕೂಗಿತು. ಅವಳು ಪಕ್ಕದಲ್ಲೇ ನಡೆಯುತ್ತ, ಆಮೇಲೆ ಓಡುತ್ತ, ಪ್ಲಾಟ್‌ಫಾರ್ಮ್ ಮುಗಿಯುವವರೆಗೂ ಬೈದಳು.

ಎದುರಿನ ಬೆಂಚಿನಲ್ಲಿ ಕೂತಿದ್ದ ಮುದುಕ ಕುಂಬಳಕಾಯಿಗೆ ಜಾಗ ಮಾಡಿಕೊಡುತ್ತ, "ಯಾರಪ್ಪಾ ಆಯಮ್ಮ? ಅಂಗೆ ಬೈತಾವ್ಳಲ್ಲ!" ಎಂದ.

"ನನ್ ತಂಗಿ," ಎಂದ ಚೆನ್ನಕೇಶವ. ಬಹಳ ವರ್ಷಗಳಿಂದ ಬೇಸತ್ತವನಂತೆ ನಿಟ್ಟುಸಿರು ಬಿಟ್ಟ. "ಬಾಯಿ ವಸಿ ಜೋರು."